ಹೃದಯಾಘಾತದ ನಂತರದ ಮನೆಗೆಲಸ



ಇವತ್ತಿನ ಮಾತು ಹೃದಯಾಘಾತದ ಬಗ್ಗೆ. ಅದು ಯಾಕೆ ಬರುತ್ತದೆ, ಏನು ತಿನ್ನಬೇಕು, ಏನು ಬಿಡಬೇಕು ಎಂಬ ಪಟ್ಟಿಯನ್ನು ನಾನು ಓದುವುದಿಲ್ಲ. ಆ ಕೆಲಸವನ್ನು ನಿಮ್ಮ ವಾಟ್ಸಾಪ್ ಗುಂಪುಗಳು ದಿನಾ ಬೆಳಿಗ್ಗೆ ಮಾಡುತ್ತಿವೆ. ನನ್ನ ವಿಷಯ ಅದರ ಮುಂದಿನ ಭಾಗ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಏನು? ಸ್ನಾನ ನಿಂತು ಮಾಡಬೇಕೋ, ಕೂತೋ? ಮಹಡಿ ಯಾವತ್ತು ಹತ್ತಬಹುದು? ಕುಕ್ಕರ್ ಎತ್ತಬಹುದೇ? ಆಫೀಸಿಗೆ ಯಾವಾಗ? ಈ ಪ್ರಶ್ನೆಗಳನ್ನೇ ಹಿಡಿದು ಕೂರುವ ಒಂದು ವೃತ್ತಿ ಇದೆ. ಅದರ ಹೆಸರು ಆಕ್ಯುಪೇಷನಲ್ ಥೆರಪಿ. ನಾನು ಆ ವೃತ್ತಿಯವಳು. ಹ್ಯೂಸ್ಟನ್ ನಗರದ ವಾಯುವ್ಯಕ್ಕೆ, 290ನೇ ಹೆದ್ದಾರಿಯ ಪಕ್ಕದ ಸೈಪ್ರೆಸ್‌ನಲ್ಲಿ ನನ್ನ ಮನೆ. ಸುತ್ತಮುತ್ತ ಮನೆಮನೆಗೆ ಹೋಗಿ ಕೆಲಸ ಮಾಡುತ್ತೇನೆ.

ಮೊದಲು ಒಂದು ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. ಎದೆ ಬಿಗಿ ಹಿಡಿದಂತಾದರೆ, ಎಡಗೈಗೋ ದವಡೆಗೋ ಬೆನ್ನಿಗೋ ನೋವು ಹರಿದರೆ, ಸುಮ್ಮನೆ ಕೂತಲ್ಲೇ ಬೆವರಿದರೆ 911ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ನೋವೇ ಇರದೆ ಬರೀ ಏದುಸಿರು, ಸುಸ್ತು ಬರಬಹುದು. ನಮ್ಮವರು ಇಂಥದಕ್ಕೆಲ್ಲ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಜೀರಿಗೆ ನೀರು ಕುಡಿದು ಮಲಗುತ್ತಾರೆ. ಆಮೇಲೆ ಮಗನೇ ಕಾರಿನಲ್ಲಿ ಕೂರಿಸಿಕೊಂಡು 290ರ ಟ್ರಾಫಿಕ್ಕಿಗೆ ಇಳಿಯುತ್ತಾನೆ. ಬೇಡ. ಆಂಬುಲೆನ್ಸ್ ಬರಲಿ. ಚಿಕಿತ್ಸೆ ಅದರೊಳಗೇ ಶುರುವಾಗುತ್ತದೆ. ಮುಚ್ಚಿದ ರಕ್ತನಾಳ ತೆರೆಯಲು ತಡವಾದ ಒಂದೊಂದು ನಿಮಿಷಕ್ಕೂ ಹೃದಯದ ಸ್ನಾಯು ಬೆಲೆ ತೆರುತ್ತದೆ.

ಇಷ್ಟು ಹೇಳಿ ಈಗ ಹಿಂದಕ್ಕೆ ಹೋಗುತ್ತೇನೆ. 1955ಕ್ಕೆ.

ಆ ವರ್ಷ ಜುಲೈ 2ರಂದು ಲಿಂಡನ್ ಜಾನ್ಸನ್ ಅವರಿಗೆ ಹೃದಯಾಘಾತವಾಯಿತು. ಆಗ ಅವರು ಟೆಕ್ಸಸ್‌ನ ಸೆನೆಟರ್, ಸೆನೆಟ್‌ನ ಬಹುಮತದ ನಾಯಕ. ವಯಸ್ಸು 46. ದಿನಕ್ಕೆ ಸುಮಾರು 60 ಸಿಗರೇಟು ಸೇದುತ್ತಿದ್ದರು. ಒಂದು ತಿಂಗಳಿಗೂ ಹೆಚ್ಚು ಆಸ್ಪತ್ರೆಯಲ್ಲಿದ್ದರು. ಆಮೇಲೆ ಆಸ್ಟಿನ್‌ನಿಂದ ಪಶ್ಚಿಮಕ್ಕೆ ಅರವತ್ತು ಮೈಲಿ ದೂರದ, ಪೆಡರ್ನೇಲ್ಸ್ ಹೊಳೆಯ ದಂಡೆಯ ತಮ್ಮ ತೋಟಕ್ಕೆ ಬಂದರು. ಅಲ್ಲಿ ಅವರ ವ್ಯಾಯಾಮಕ್ಕೆಂದು ಒಂದು ಈಜುಕೊಳ ಕಟ್ಟಿಸಲಾಯಿತು. ಸಿಗರೇಟು ಬಿಟ್ಟರು. ತೂಕ ಇಳಿಸಿದರು. ಕೆಲಸವನ್ನು ಮೆಲ್ಲಗೆ ಮತ್ತೆ ಹಚ್ಚಿಕೊಂಡರು. 1956ರ ಜನವರಿಗೆ ಸೆನೆಟ್‌ನಲ್ಲಿದ್ದರು. ಮುಂದೆ ಅಮೆರಿಕದ ಅಧ್ಯಕ್ಷರೂ ಆದರು.

ಅದೇ 1955ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಹೃದಯಾಘಾತವಾಯಿತು. ಅವರು ಹುಟ್ಟಿದ್ದು ಡಲ್ಲಾಸ್‌ನ ಉತ್ತರಕ್ಕಿರುವ ಡೆನಿಸನ್ ಊರಿನಲ್ಲಿ. ಅವರೂ ಚೇತರಿಸಿಕೊಂಡರು. ಮರುವರ್ಷ ಚುನಾವಣೆಗೆ ನಿಂತು ಗೆದ್ದರು.

ಈ ಕಥೆಗಳನ್ನು ಯಾಕೆ ಹೇಳಿದೆ ಎಂದರೆ, ಅಲ್ಲಿಯವರೆಗೆ ಹೃದಯಾಘಾತವಾದವರಿಗೆ ಇದ್ದ ಮದ್ದು ಒಂದೇ. ಹಾಸಿಗೆ. ಆರು ವಾರ ಅಲ್ಲಾಡದೆ ಮಲಗುವುದು. ಅನ್ನ ಕೂಡ ಇನ್ನೊಬ್ಬರು ತಿನ್ನಿಸಬೇಕು. ಮಲಗಿದವರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತಿತ್ತು. ಅದು ಶ್ವಾಸಕೋಶಕ್ಕೆ ಹೋಗಿ ಕೆಲವರು ಸಾಯುತ್ತಿದ್ದರು. 1950ರ ದಶಕದ ಆರಂಭದಲ್ಲಿ ಬಾಸ್ಟನ್ ನಗರದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ಇಬ್ಬರು ವೈದ್ಯರು ರೋಗಿಗಳನ್ನು ಕೆಲವೇ ದಿನಗಳಲ್ಲಿ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಸುತ್ತಲಿನವರು ಇದು ಹುಚ್ಚು ಎಂದರು. ಕುರ್ಚಿಯಲ್ಲಿ ಕೂತಿದ್ದರಿಂದ ಕೇಡಾಗಲಿಲ್ಲ, ಹೆಚ್ಚಿನವರು ಗೆಲುವಾದರು.

ಇನ್ನೊಂದು ಪ್ರಯೋಗ ನಮ್ಮ ಡಲ್ಲಾಸ್‌ನದು. ವರ್ಷ 1966. ಇಪ್ಪತ್ತು ವಯಸ್ಸಿನ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ಕಾಯಿಲೆ ಏನೂ ಇಲ್ಲ. ಬರೀ ಮಲಗುವುದು. ಮೂರು ವಾರದ ಕೊನೆಗೆ ಅವರ ದೇಹ ಶ್ರಮ ತಾಳುವ ಶಕ್ತಿ ಕಾಲು ಭಾಗಕ್ಕಿಂತ ಹೆಚ್ಚು ಇಳಿದಿತ್ತು. ಆಮೇಲೆ ಸುಮಾರು ಎಂಟು ವಾರ ತರಬೇತಿ ಕೊಟ್ಟರು. ಹೋದ ಶಕ್ತಿ ಮರಳಿತು. ಇದೇ ಐವರನ್ನು ಮೂವತ್ತು ವರ್ಷದ ನಂತರ, ಅವರಿಗೆ ಐವತ್ತಾದಾಗ, ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷದ ಮುಪ್ಪು ಕಸಿದುಕೊಂಡಿದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಕಸಿದುಕೊಂಡಿದ್ದೇ ಹೆಚ್ಚಾಗಿತ್ತು. ಇದನ್ನು ನಾನು ನಮ್ಮವರ ಮನೆಗೆ ಹೋದಾಗಲೆಲ್ಲ ಹೇಳುತ್ತೇನೆ. ‘ರೆಸ್ಟ್ ಮಾಡಲಿ ಬಿಡಿ’ ಎನ್ನುವ ಮಕ್ಕಳಿಗಂತೂ ಎರಡು ಸಲ ಹೇಳುತ್ತೇನೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಹೃದಯಾಘಾತದ ನಂತರ ಹಾಸಿಗೆ ಹಿಡಿಯುವುದು ಚಿಕಿತ್ಸೆಯಲ್ಲ. ಕೆಲಸಕ್ಕೆ ಮರಳುವುದೇ ಚಿಕಿತ್ಸೆಯ ಭಾಗ. ಹಾಗಾದರೆ ನಾಳೆಯಿಂದಲೇ ಎಲ್ಲ ಕೆಲಸ ಶುರು ಮಾಡಬಹುದೇ? ಅದೂ ಅಲ್ಲ. ಎಷ್ಟು, ಯಾವಾಗ, ಹೇಗೆ ಎಂಬ ಅಳತೆ ಬೇಕು. ಈಗ ಆ ಅಳತೆಯ ವಿಷಯ.

ನಾವು ಬಳಸುವ ಅಳತೆಗೆ ಮೆಟ್ ಎನ್ನುತ್ತಾರೆ. ಸುಮ್ಮನೆ ಕೂತಿರುವಾಗ ದೇಹ ಬಳಸುವ ಆಮ್ಲಜನಕ ಒಂದು ಮೆಟ್. ಬಟ್ಟೆ ಹಾಕಿಕೊಳ್ಳುವುದು, ಸ್ನಾನ ಮಾಡುವುದು ಸುಮಾರು ಎರಡು. ಅಡುಗೆ ಎರಡರಿಂದ ಮೂರು. ಕಸ ಗುಡಿಸುವುದು ಮೂರಕ್ಕಿಂತ ಸ್ವಲ್ಪ ಹೆಚ್ಚು. ಮೆಟ್ಟಿಲು ಹತ್ತುವುದು ನಾಲ್ಕು ದಾಟುತ್ತದೆ. ಹುಲ್ಲು ಕತ್ತರಿಸುವ ಯಂತ್ರ ತಳ್ಳುವುದು ಐದಕ್ಕೂ ಹೆಚ್ಚು. ದಿನಸಿ ಚೀಲ ಹಿಡಿದು ಮಹಡಿ ಹತ್ತಿದರೆ ಏಳರ ಆಸುಪಾಸು. ಗಮನಿಸಿ, ಮೆಟ್ಟಿಲು ಬೇರೆ, ಚೀಲ ಹಿಡಿದ ಮೆಟ್ಟಿಲು ಬೇರೆ. ‘ನಮ್ಮಪ್ಪ ಆರಾಮಾಗಿ ಮಹಡಿ ಹತ್ತುತ್ತಾರೆ’ ಎಂದ ಮಾತ್ರಕ್ಕೆ ಅವರ ಕೈಗೆ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಕೊಡಬಾರದು.

ಆಸ್ಪತ್ರೆಯಲ್ಲಿ ಥೆರಪಿಸ್ಟ್ ಬಂದರೆ ನಿಮಗೆ ಬೇಸರವಾಗಬಹುದು. ದೊಡ್ಡ ಯಂತ್ರ ಇಲ್ಲ, ಸೂಜಿ ಇಲ್ಲ. ಹಲ್ಲುಜ್ಜಿ ಎನ್ನುತ್ತಾಳೆ. ತಲೆ ಬಾಚಿಕೊಳ್ಳಿ ಎನ್ನುತ್ತಾಳೆ. ಆದರೆ ಅವಳ ಕಣ್ಣು ಮಾನಿಟರಿನ ಮೇಲಿರುತ್ತದೆ. ಕೂತಾಗ ನಾಡಿ ಎಷ್ಟಿತ್ತು, ಬಾಚುವಾಗ ಎಷ್ಟಾಯಿತು, ನಿಲ್ಲಿಸಿದ ಮೇಲೆ ಎಷ್ಟು ಬೇಗ ಇಳಿಯಿತು. ಮೊದಲ ದಿನಗಳಲ್ಲಿ ನಾಡಿ ಇಪ್ಪತ್ತಕ್ಕಿಂತ ಹೆಚ್ಚು ಏರಿದರೆ ಅಲ್ಲಿಗೇ ನಿಲ್ಲಿಸುತ್ತಾಳೆ. ಕೈ ತಲೆಗಿಂತ ಮೇಲೆ ಹೋದರೆ ಹೃದಯಕ್ಕೆ ಶ್ರಮ ಹೆಚ್ಚು. ಅದಕ್ಕೇ ಬಾಚುವಾಗ ಮೊಣಕೈಯನ್ನು ಮೇಜಿನ ಮೇಲೆ ಊರಿಕೊಳ್ಳಿ ಎಂಬ ಸಲಹೆ. ಎದ್ದು ನಿಂತಾಗ ರಕ್ತದೊತ್ತಡ ಕುಸಿಯುತ್ತದೆಯೇ ಎಂದೂ ನೋಡುತ್ತಾಳೆ. ಹೊಸ ಮಾತ್ರೆಗಳಿಂದ ಹಾಗಾಗುವುದುಂಟು. ಮನೆಯಲ್ಲಿ ರಾತ್ರಿ ಬಚ್ಚಲಿಗೆ ಎದ್ದಾಗ ಬೀಳುವುದು ಇಂಥವರೇ.

ಮನೆಗೆ ಬಂದ ಮೇಲೆ ಮಾನಿಟರ್ ಇರುವುದಿಲ್ಲ. ಆಗ ನಿಮ್ಮ ಮಾತೇ ಮಾನಿಟರ್. ಕೆಲಸ ಮಾಡುತ್ತಾ ಪೂರ್ತಿ ವಾಕ್ಯ ಆಡಲು ಬಂದರೆ ಸರಿ. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಹೆಚ್ಚಾಯಿತು. ನಿಲ್ಲಿಸಿ ಕೂತುಕೊಳ್ಳಿ. ಕೂತ ಮೇಲೂ ಎದೆ ಬಿಗಿ ಬಿಡದಿದ್ದರೆ ಮೊದಲೇ ಹೇಳಿದಂತೆ 911 ಒತ್ತಿ.

ಸ್ನಾನದ ವಿಷಯದಲ್ಲಿ ನಮ್ಮ ಹಿರಿಯರಿಗೆ ಒಂದು ಅನುಕೂಲ ಇದೆ. ಮಣೆ ಮೇಲೆ ಕೂತು ಚೊಂಬಿನಲ್ಲಿ ನೀರು ಹುಯ್ದುಕೊಳ್ಳುವುದು ಅವರಿಗೆ ಹುಟ್ಟಿದಾರಭ್ಯ ಗೊತ್ತು. ಇಲ್ಲಿ ನಾವು ಅದೇ ಕೆಲಸಕ್ಕೆ ಶವರ್ ಕುರ್ಚಿ ಎಂದು ಹಣ ಕೊಟ್ಟು ತರುತ್ತೇವೆ. ಮಣೆಗಿಂತ ಕುರ್ಚಿ ಒಳ್ಳೆಯದು, ಯಾಕೆಂದರೆ ಮಣೆಯಿಂದ ಏಳುವುದು ಕಷ್ಟ. ಕುರ್ಚಿ ಮೇಲೆ ಕೂತು, ಬಕೆಟ್ಟನ್ನು ಇನ್ನೊಂದು ಎತ್ತರದ ಸ್ಟೂಲಿನ ಮೇಲಿಟ್ಟು ಚೊಂಬಿನಲ್ಲೇ ಸ್ನಾನ ಮಾಡಲಿ. ನೀರು ಸುಡುವಷ್ಟು ಬಿಸಿ ಬೇಡ. ಅದರಿಂದ ರಕ್ತನಾಳ ಅಗಲವಾಗಿ ತಲೆ ತಿರುಗುತ್ತದೆ. ಊಟವಾದ ಕೂಡಲೇ ಸ್ನಾನ ಬೇಡ. ಒಂದು ಗಂಟೆ ಕಳೆಯಲಿ.

ಇಲ್ಲಿಯವರೆಗೆ ಎರಡು ಮಾತು ಆಯಿತು. ಹಾಸಿಗೆ ಬೇಡ, ಅಳತೆ ಬೇಕು. ಈಗ ಬೈಪಾಸ್ ಆದವರ ವಿಷಯ. ಅವರದು ಬೇರೆಯೇ ಲೆಕ್ಕ.

ಸ್ಟೆಂಟ್ ಹಾಕಿಸಿಕೊಂಡವರು ಎರಡು ಮೂರು ದಿನಕ್ಕೆ ಮನೆಗೆ ಬರುತ್ತಾರೆ. ಬೈಪಾಸ್ ಆದವರ ಎದೆಯ ಮೂಳೆಯನ್ನು ಉದ್ದಕ್ಕೆ ಸೀಳಿ, ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಈ ಶಸ್ತ್ರಚಿಕಿತ್ಸೆಗೂ ಹ್ಯೂಸ್ಟನ್‌ಗೂ ಹಳೆಯ ನಂಟು. 1964ರಲ್ಲಿ ಮೈಕೆಲ್ ಡಿಬೇಕಿ ಅವರ ತಂಡ ಇಲ್ಲಿ ಬೈಪಾಸ್ ಮಾಡಿತ್ತು. ಈ ಡಿಬೇಕಿಯವರಿಗೆ 97ನೇ ವಯಸ್ಸಿನಲ್ಲಿ ಮಹಾಪಧಮನಿ ಸೀಳಿತು. ಅದು ಹೃದಯಾಘಾತವಲ್ಲ, ಆದರೂ ಕೇಳಿ. 2006ರಲ್ಲಿ, ಅವರೇ ರೂಪಿಸಿದ್ದ ವಿಧಾನದಲ್ಲಿ, ಅವರಿಗೇ ಶಸ್ತ್ರಚಿಕಿತ್ಸೆ ಆಯಿತು. ಅದು ಕೆಲವು ಗಂಟೆಗಳ ಕೆಲಸ. ಚೇತರಿಸಿಕೊಂಡು ಆಸ್ಪತ್ರೆ ಬಿಡಲು ಹಿಡಿದದ್ದು ಸುಮಾರು ಎಂಟು ತಿಂಗಳು. ಆಮೇಲೆ ಅವರು ಕೆಲಸಕ್ಕೂ ಮರಳಿದರು. ತೊಂಬತ್ತೊಂಬತ್ತರವರೆಗೆ ಬದುಕಿದರು. ನಾವು ಸರ್ಜನ್ ಹೆಸರನ್ನು ಊರಿಗೆಲ್ಲ ಹೇಳುತ್ತೇವೆ. ಆ ಎಂಟು ತಿಂಗಳು ಎಬ್ಬಿಸಿ, ಕೂರಿಸಿ, ನಡೆಸಿದವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಇದು ನನ್ನ ವೃತ್ತಿಯ ಸಣ್ಣ ಹೊಟ್ಟೆಕಿಚ್ಚು, ಕ್ಷಮಿಸಿ.

ಬೈಪಾಸ್ ಆದವರಿಗೆ ಹಿಂದೆ ಬರೀ ‘ಬೇಡ’ಗಳ ಪಟ್ಟಿ ಕೊಡುತ್ತಿದ್ದರು. ಎತ್ತಬೇಡಿ, ತಳ್ಳಬೇಡಿ, ಎಳೆಯಬೇಡಿ, ಕೈ ಚಾಚಬೇಡಿ. ಒಂದು ಗ್ಯಾಲನ್ ಹಾಲಿನ ಡಬ್ಬಕ್ಕಿಂತ, ಅಂದರೆ ನಾಲ್ಕು ಕಿಲೋಗಿಂತ ಹೆಚ್ಚು ಭಾರ ಮುಟ್ಟಬೇಡಿ. ಇದನ್ನು ಕೇಳಿ ಹೆದರಿದವರು ಕೈಯನ್ನೇ ಆಡಿಸುವುದಿಲ್ಲ. ಭುಜ ಬಿಗಿದುಕೊಳ್ಳುತ್ತದೆ. ಡಲ್ಲಾಸ್‌ನ ಬೇಲರ್ ಆಸ್ಪತ್ರೆಯ ಜೆನ್ನಿ ಆಡಮ್ಸ್ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದರು. ಜೋರಾಗಿ ಕೆಮ್ಮಿದಾಗ ಎದೆಮೂಳೆಯ ಮೇಲೆ ಬೀಳುವ ಬಲ, ಸಾಮಾನ್ಯ ವಸ್ತು ಎತ್ತಿದಾಗಿನ ಬಲಕ್ಕಿಂತ ಹೆಚ್ಚು ಎಂದು ಕಂಡುಕೊಂಡರು. ಕೆಮ್ಮಬೇಡಿ ಎಂದು ಯಾರೂ ಹೇಳಲಾರರಲ್ಲ! ಅವರು ಕೊಟ್ಟ ಉಪಾಯ ಹೀಗಿದೆ. ನಿಮ್ಮ ಮೈಸುತ್ತ ಒಂದು ಅಗಲವಾದ ಕೊಳವೆ ಇದೆ ಎಂದುಕೊಳ್ಳಿ. ಮೊಣಕೈ ಪಕ್ಕೆಗೆ ಅಂಟಿಕೊಂಡು ಆ ಕೊಳವೆಯ ಒಳಗೇ ಇರಲಿ. ಹಾಗಿದ್ದರೆ ಎದೆಮೂಳೆಯ ಮೇಲೆ ಬೀಳುವ ಭಾರ ತೀರಾ ಕಡಿಮೆ. ಕೈ ದೂರ ಚಾಚಿ ಎತ್ತಿದರೆ ಅದೇ ವಸ್ತು ಎದೆಯನ್ನು ಜಗ್ಗುತ್ತದೆ.

ಎಷ್ಟು ಭಾರ, ಎಷ್ಟು ವಾರ ಎಂಬುದನ್ನು ನಿಮ್ಮ ಸರ್ಜನ್ನೇ ಹೇಳಬೇಕು. ಆಸ್ಪತ್ರೆಯಿಂದ ಆಸ್ಪತ್ರೆಗೆ ಆ ನಿಯಮ ಬೇರೆ.

ಇದು ಅಡುಗೆಮನೆಯಲ್ಲಿ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ದಾವಣಗೆರೆ ಕಡೆಯ ಒಬ್ಬ ಅಮ್ಮ. ಅರವತ್ತು ದಾಟಿದೆ. ಮಗನ ಮನೆಗೆ ಬಂದಿದ್ದಾಗ ಹೃದಯಾಘಾತವಾಗಿ ಬೈಪಾಸ್ ಆಯಿತು. ನಾನು ಹೋದಾಗ ಸೋಫಾ ಮೇಲೆ ಕೂತಿದ್ದರು. ಏನು ಮಾಡಬೇಕು ಅನ್ನಿಸುತ್ತದೆ ಅಮ್ಮಾ ಎಂದೆ. ‘ರೊಟ್ಟಿ ಬಡೀಬೇಕು’ ಅಂದರು. ಒಳಗಿನಿಂದ ಸೊಸೆ, ‘ಅತ್ತೆ, ನೀವು ಸುಮ್ನಿರಿ, ಅಂಗಡಿಯಿಂದ ತರ್ತೀನಿ’ ಅಂದರು. ಅಮ್ಮ ಮುಖ ತಿರುಗಿಸಿಕೊಂಡರು.

ನಾವು ಮೂವರೂ ಸೇರಿ ಜೋಳದ ರೊಟ್ಟಿಯನ್ನು ಬಿಡಿಸಿ ನೋಡಿದೆವು. ಹಿಟ್ಟಿನ ಡಬ್ಬ ಮೇಲಿನ ಕಪಾಟಿನಲ್ಲಿದೆ. ಕೈ ಮೇಲೆತ್ತಬೇಕು, ಅದನ್ನು ಸೊಂಟದ ಎತ್ತರಕ್ಕೆ ಇಳಿಸಿದೆವು. ಬಿಸಿನೀರು ಹಾಕಿ ಹಿಟ್ಟು ನಾದುವಾಗ ಮೈಭಾರವೆಲ್ಲ ಅಂಗೈ ಮೇಲೆ ಬಿದ್ದು ಎದೆಗೆ ಹೋಗುತ್ತದೆ. ಅದು ಮೊದಲ ಎರಡು ತಿಂಗಳು ಸೊಸೆಯ ಪಾಲು. ತಟ್ಟುವುದರಲ್ಲಿ ಬಲ ಬೇಕಿಲ್ಲ, ಮೊಣಕೈ ಪಕ್ಕೆಯಲ್ಲೇ ಇಟ್ಟು ಮಣಿಕಟ್ಟಿನಲ್ಲಿ ತಟ್ಟಬಹುದು. ಅದು ಅಮ್ಮನ ಪಾಲು. ನಿಂತು ಅಲ್ಲ, ಎತ್ತರದ ಸ್ಟೂಲಿನ ಮೇಲೆ ಕೂತು. ಕಬ್ಬಿಣದ ಹಂಚು ಎತ್ತಿಡುವುದು ಮಗನದು. ಮೊದಲ ದಿನ ಮೂರು ರೊಟ್ಟಿ. ನಾಡಿ ನೋಡಿದೆ. ಹತ್ತು ಏರಿತ್ತು, ಎರಡು ನಿಮಿಷದಲ್ಲಿ ಇಳಿಯಿತು. ಒಲೆಯ ಕಾವಿಗೆ ಸ್ವಲ್ಪ ಬೆವರಿದ್ದರು. ಹೊಗೆ ಎಳೆಯುವ ಫ್ಯಾನ್ ಹಾಕಿಸಿದೆ. ಮುಂದಿನ ವಾರ ಆರು ರೊಟ್ಟಿ. ಮೂರನೇ ವಾರ ನನಗೂ ಎರಡು ಕಟ್ಟಿಕೊಟ್ಟರು, ಶೇಂಗಾ ಚಟ್ನಿ ಜೊತೆ. ಉಪ್ಪು ಕಡಿಮೆ ಇತ್ತು. ಅದನ್ನು ಹೇಳಿಕೊಟ್ಟವಳು ನಾನೇ, ದೂರುವ ಹಾಗಿರಲಿಲ್ಲ.

ನನ್ನ ಕೆಲಸವೆಲ್ಲ ಹೀಗೇ. ಒಂದು ಕೆಲಸವನ್ನು ಚೂರು ಚೂರಾಗಿ ಬಿಡಿಸುವುದು. ಯಾವ ಚೂರು ಭಾರ, ಯಾವುದು ಹಗುರ ಎಂದು ನೋಡುವುದು. ಭಾರದ್ದನ್ನು ಇನ್ನೊಬ್ಬರಿಗೆ ಕೊಟ್ಟು, ಹಗುರದ್ದನ್ನು ರೋಗಿಗೇ ಉಳಿಸುವುದು. ದಿನ ಕಳೆದಂತೆ ಪಾಲು ಹೆಚ್ಚಿಸುವುದು. ಕುಕ್ಕರನ್ನು ಎತ್ತುವ ಬದಲು ಅಡುಗೆಕಟ್ಟೆಯ ಮೇಲೆ ಜರುಗಿಸುವುದು. ಹಾಸಿಗೆಯಿಂದ ಏಳುವಾಗ ಕೈ ಊರದೆ, ದಿಂಬನ್ನು ಎದೆಗೆ ಅವುಚಿಕೊಂಡು ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು ಏಳುವುದು. ದೇವರ ಮುಂದೆ ಅಡ್ಡಬಿದ್ದು ನಮಸ್ಕಾರ ಮಾಡದೆ ನಿಂತೇ ಕೈಮುಗಿಯುವುದು. ಪ್ರಾಣಾಯಾಮದಲ್ಲಿ ಉಸಿರು ಬಿಗಿಹಿಡಿಯದೆ ಮೆಲ್ಲಗೆ ಬಿಡುವುದು.

ಈವರೆಗೆ ದೇಹದ ಮಾತಾಯಿತು. ಮನಸ್ಸಿನದು ಇನ್ನೂ ಕಷ್ಟ.

ಹೃದಯಾಘಾತವಾದ ಐವರಲ್ಲಿ ಒಬ್ಬರಿಗಾದರೂ ಖಿನ್ನತೆ ಬರುತ್ತದೆ. ‘ಇನ್ನು ನನ್ನ ಕೈಲಿ ಏನೂ ಆಗಲ್ಲ’ ಎನ್ನುತ್ತಾರೆ. ರಾತ್ರಿ ನಿದ್ದೆ ಇಲ್ಲ, ಎದೆ ಚುಳ್ ಎಂದರೆ ಮತ್ತೆ ಬಂತೇನೋ ಎಂಬ ಭಯ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ಹೃದಯದ ತೊಂದರೆಯಿಂದ ಹಠಾತ್ತನೆ ಹೋದಾಗ ನಮಗೆಲ್ಲ ಹೇಗಾಯಿತು ನೆನಪಿರಬಹುದು. ಲಿಂಡನ್ ಜಾನ್ಸನ್ ಅವರಂತೆ ಅವರಿಗೂ 46. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ನೆರೆದರು. ಅದು ಒಳ್ಳೆಯದೇ. ಜೊತೆಗೆ, ಜಿಮ್‌ಗೆ ಹೋಗುವುದೇ ಅಪಾಯ ಎಂಬ ಮಾತೂ ಮನೆಮನೆಗೆ ಹಬ್ಬಿತು. ಅದು ಒಳ್ಳೆಯದಲ್ಲ. ಮೈ ದಣಿಸಬಾರದು ಎಂಬ ಭಯ ನಮ್ಮವರಲ್ಲಿ ಈಗಲೂ ಇದೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ, ಸುಮಾರು 53ರ ವಯಸ್ಸಿಗೆ. 52 ದೇಶಗಳ ದೊಡ್ಡ ಅಧ್ಯಯನವೊಂದು 2004ರಲ್ಲಿ ಇದನ್ನು ಹೇಳಿತು. ಅಂದರೆ ನಮ್ಮವರು ದುಡಿಯುವ ವಯಸ್ಸಿನಲ್ಲೇ ಬೀಳುತ್ತಾರೆ. ಮುಂದೆ ಇಪ್ಪತ್ತು ಮೂವತ್ತು ವರ್ಷದ ಬದುಕು ಇರುತ್ತದೆ. ಅದನ್ನು ಸೋಫಾ ಮೇಲೆ ಕಳೆಯಲಾದೀತೇ?

ಮನೆಯವರ ಪ್ರೀತಿಯೂ ಇಲ್ಲಿ ಅಡ್ಡ ಬರುತ್ತದೆ. ಅಪ್ಪ ಲೋಟ ತೊಳೆಯಲು ಎದ್ದರೆ ಮಗಳು ಓಡಿಬರುತ್ತಾಳೆ. ಅಮ್ಮ ಹೂ ಕಟ್ಟಲು ಕೂತರೆ ಮಗ ಬುಟ್ಟಿ ತೆಗೆದಿಡುತ್ತಾನೆ. ಹೂ ಕಟ್ಟುವುದು ಒಂದೂವರೆ ಮೆಟ್ ಕೂಡ ದಾಟಲಾರದು! ಕಸಿದುಕೊಂಡ ಪ್ರತಿ ಸಣ್ಣ ಕೆಲಸದ ಜೊತೆ ‘ನೀನು ರೋಗಿ’ ಎಂಬ ಮಾತನ್ನು ಅವರ ಕಿವಿಗೆ ಹಾಕುತ್ತಿದ್ದೀರಿ. ಕೆಲಸ ಕಸಿಯಬೇಡಿ. ಪಕ್ಕದಲ್ಲಿ ನಿಲ್ಲಿ, ಸಾಕು.

ಆಸ್ಪತ್ರೆಯಲ್ಲೂ ಈ ಪ್ರೀತಿ ಒಂದು ತೊಂದರೆ ಮಾಡುತ್ತದೆ. ವೈದ್ಯರು ಇಂಗ್ಲಿಷಿನಲ್ಲಿ ಕೇಳುತ್ತಾರೆ, ಮಗ ಕನ್ನಡಕ್ಕೆ ತಿರುಗಿಸುತ್ತಾನೆ. ಅಮ್ಮ ಎರಡು ನಿಮಿಷ ಹೇಳುತ್ತಾರೆ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ, ಕಾಲು ಊದಿದೆ, ಬಚ್ಚಲಿಗೆ ಹೋಗಲು ಭಯ. ಮಗ ‘ಶಿ ಈಸ್ ಫೈನ್’ ಎನ್ನುತ್ತಾನೆ. ದಯವಿಟ್ಟು ಹೀಗೆ ಮಾಡಬೇಡಿ. ಸರಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕೆಂದು ಈ ದೇಶದ ಕಾನೂನೇ ಇದೆ. ಫೋನಿನಲ್ಲೋ ವಿಡಿಯೋದಲ್ಲೋ ಕನ್ನಡ ಬಲ್ಲವರು ಸಿಗುತ್ತಾರೆ. ಬೇಕು ಎಂದು ಕೇಳಬೇಕು, ಅಷ್ಟೆ. ಬಚ್ಚಲಿನ ಭಯವನ್ನು ಅಮ್ಮ ಮಗನಿಗೆ ಹೇಳಲಾರರು, ದುಭಾಷಿಯ ಮೂಲಕ ಥೆರಪಿಸ್ಟ್‌ಗೆ ಹೇಳಬಲ್ಲರು.

ಇನ್ನೊಂದು ವಿಷಯವನ್ನೂ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಗಂಡಹೆಂಡಿರ ಸಂಬಂಧ. ಎರಡು ಮಹಡಿ ಮೆಟ್ಟಿಲನ್ನು ಎದೆನೋವಿಲ್ಲದೆ, ಏದುಸಿರಿಲ್ಲದೆ ಹತ್ತುವವರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ ಎನ್ನುತ್ತಾರೆ ವೈದ್ಯರು. ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ವಯಾಗ್ರದಂಥ ಗುಳಿಗೆ ಮುಟ್ಟಲೇಬಾರದು. ಪ್ರಾಣಕ್ಕೆ ಕುತ್ತು.

ದೇಹದ ಅಳತೆ ಹೇಳಿದೆ, ಮನಸ್ಸಿನ ಭಯ ಹೇಳಿದೆ. ಇನ್ನು ಹೊರಗಿನ ಕೆಲಸ. ಆಫೀಸು, ಕಾರು, ಅಂಗಳ.

ತೊಡಕಿಲ್ಲದೆ ಸ್ಟೆಂಟ್ ಆದವರು, ಕೂತು ಮಾಡುವ ಕೆಲಸವಾದರೆ, ಎರಡು ವಾರದ ಆಸುಪಾಸು ಮರಳಬಹುದು. ಬೈಪಾಸ್ ಆದವರಿಗೆ ಆರರಿಂದ ಹನ್ನೆರಡು ವಾರ. ಡಲ್ಲಾಸ್, ಆಸ್ಟಿನ್‌ಗಳಲ್ಲಿರುವ ನಮ್ಮ ಸಾಫ್ಟ್‌ವೇರ್ ಹುಡುಗರು ನನಗೆ ಹೇಳುವುದು ‘ಕೂತು ಮಾಡುವ ಕೆಲಸ, ಏನೂ ಶ್ರಮ ಇಲ್ಲ’ ಎಂದು. ರಾತ್ರಿ ಹನ್ನೊಂದಕ್ಕೆ ಬೆಂಗಳೂರಿನ ತಂಡದ ಜೊತೆ ಮೀಟಿಂಗ್, ಎರಡು ಗಂಟೆಗೆ ಸರ್ವರ್ ಬಿತ್ತು ಎಂಬ ಫೋನು, ಬೆಳಿಗ್ಗೆ ಎಂಟಕ್ಕೆ ಮತ್ತೆ ಹಾಜರಿ. ಇದು ಶ್ರಮವಲ್ಲವೇ? ಮೊದಲ ತಿಂಗಳು ಅರ್ಧ ದಿನ, ರಾತ್ರಿ ಪಾಳಿ ಬೇಡ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಯಾವ ಕೆಲಸ, ಯಾವ ಹೊತ್ತು, ಎಷ್ಟು ಒತ್ತಡ ಎಂದು ಬಿಡಿಸಿ ಬರೆದುಕೊಡುವುದಕ್ಕೆ ಥೆರಪಿಸ್ಟ್ ನೆರವಾಗುತ್ತಾರೆ. 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಂಪನಿಯಲ್ಲಿ ಒಂದು ವರ್ಷ ದುಡಿದವರಿಗೆ 12 ವಾರದವರೆಗೆ ಸಂಬಳವಿಲ್ಲದ ವೈದ್ಯಕೀಯ ರಜೆ 1993ರ ಕಾನೂನಿನಿಂದ ಸಿಗುತ್ತದೆ. ವೀಸಾದ ಮೇಲಿರುವವರು ರಜೆ ಎಂದರೇ ಹೆದರುತ್ತಾರೆ. ಹೆದರಿ ಮುಚ್ಚಿಡುವ ಮೊದಲು ವಲಸೆ ವಕೀಲರನ್ನು ಒಮ್ಮೆ ಕೇಳಿ.

ಕಾರು ಓಡಿಸುವುದು ವೈದ್ಯರು ಹೇಳಿದ ಮೇಲೆ. ಎದೆಮೂಳೆ ಕೂಡಿಕೊಳ್ಳುವ ಮೊದಲು ಸ್ಟಿಯರಿಂಗ್ ಹಿಡಿದು, ಅಪಘಾತವಾಗಿ ಅದೇ ಎದೆಗೆ ಬಡಿದರೆ ಕಷ್ಟ. ಅಲ್ಲಿಯವರೆಗೆ ಹಿಂದಿನ ಸೀಟಿನಲ್ಲಿ ಕೂತು, ಬೆಲ್ಟಿಗೂ ಎದೆಗೂ ನಡುವೆ ದಿಂಬಿಟ್ಟುಕೊಳ್ಳಿ.

ಅಂಗಳದ ವಿಷಯ ಸೈಪ್ರೆಸ್‌ನವರಿಗೆ ಗೊತ್ತು. ಹುಲ್ಲು ಬೆಳೆದರೆ ಬಡಾವಣೆಯ ಸಂಘದಿಂದ ಚೀಟಿ ಬರುತ್ತದೆ. ಜುಲೈ ತಿಂಗಳ ಬಿಸಿಲು, ಗಾಳಿಯಲ್ಲಿ ತೇವ, ಐದು ಮೆಟ್ ದಾಟುವ ಯಂತ್ರ. ಬಿಸಿಲಿಗೇ ಹೃದಯ ಹೆಚ್ಚು ಬಡಿಯುತ್ತದೆ. ನಾಡಿ ತಗ್ಗಿಸುವ ಮಾತ್ರೆ, ನೀರು ಹೊರಹಾಕುವ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಅಪಾಯ. ಮೂರು ತಿಂಗಳು ಹುಲ್ಲಿಗೆ ಆಳು ಹಿಡಿಯಿರಿ. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂದಾಗ ಹ್ಯೂಸ್ಟನ್ ಸುತ್ತ 20 ಲಕ್ಷಕ್ಕೂ ಹೆಚ್ಚು ಮನೆ ಅಂಗಡಿಗಳಿಗೆ ಕರೆಂಟು ಹೋಯಿತು. ಕೆಲವೆಡೆ ವಾರದವರೆಗೂ ಬರಲಿಲ್ಲ. ಅಂಥ ಹೊತ್ತಿನಲ್ಲಿ ಬಿದ್ದ ಕೊಂಬೆ ಎಳೆಯುವುದು, ಜನರೇಟರ್ ಹೊರುವುದು ಹೃದಯಾಘಾತವಾದವರ ಕೆಲಸ ಅಲ್ಲವೇ ಅಲ್ಲ. ಮಾತ್ರೆಗಳ ಪಟ್ಟಿ, ಎರಡು ವಾರದ ಮಾತ್ರೆ, ಕರೆಂಟಿರುವ ನೆಂಟರ ಮನೆಯ ವಿಳಾಸ ಜೂನ್‌ನಲ್ಲೇ ಸಿದ್ಧವಿರಲಿ.

ಊರಿನಲ್ಲಿರುವ ಅಪ್ಪ ಅಮ್ಮನಿಗೆ ಇದೆಲ್ಲ ಸಿಗುತ್ತದೆಯೇ ಎಂದು ಕೇಳುವಿರಿ. ಭಾರತದಲ್ಲಿ ಈ ವೃತ್ತಿಯ ಮೊದಲ ಶಾಲೆ ಶುರುವಾದದ್ದು 1950ರಲ್ಲಿ, ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ. ಶುರು ಮಾಡಿದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಹೋದವರು. ನಮ್ಮ ಮಣಿಪಾಲದಲ್ಲೂ ಈ ಶಿಕ್ಷಣ ಇದೆ. 2021ರ ಕಾನೂನು ಈ ವೃತ್ತಿಗೆ ಭಾರತದಲ್ಲಿ ಮಾನ್ಯತೆ ಕೊಟ್ಟಿದೆ. ಕರ್ನಾಟಕ ಸರಕಾರ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೃದಯಾಘಾತದ ತುರ್ತು ಚಿಕಿತ್ಸೆಯನ್ನು ತಾಲ್ಲೂಕು ಆಸ್ಪತ್ರೆಗಳಿಗೂ ಮುಟ್ಟಿಸುತ್ತಿದೆ. ಜೀವ ಉಳಿಸುವ ಕೆಲಸ ಹಳ್ಳಿಯ ಹತ್ತಿರಕ್ಕೆ ಬರುತ್ತಿದೆ. ಉಳಿದ ಜೀವವನ್ನು ಮತ್ತೆ ಗದ್ದೆಗೆ, ಅಂಗಡಿಗೆ, ಆಟೋ ಸೀಟಿಗೆ ಕೂರಿಸುವ ಕೆಲಸ ಇನ್ನೂ ದೊಡ್ಡ ಊರುಗಳಲ್ಲೇ ಉಳಿದಿದೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಇಲ್ಲಿನ ಸ್ಥಿತಿಯೂ ಹೊಗಳುವಂಥದ್ದಲ್ಲ. ಹೃದಯದ ಪುನಶ್ಚೇತನ ಶಿಬಿರಗಳು ಇವೆ. ಹಿರಿಯರ ಸರಕಾರಿ ವಿಮೆಯಾದ ಮೆಡಿಕೇರ್ 36 ಸಲದವರೆಗೆ ಹಣ ಕೊಡುತ್ತದೆ. ಅಲ್ಲಿ ನರ್ಸುಗಳು, ವ್ಯಾಯಾಮ ತಜ್ಞರು ಇರುತ್ತಾರೆ. ನಮ್ಮಂಥವರು ಹೆಚ್ಚಾಗಿ ಆಸ್ಪತ್ರೆಯ ವಾರ್ಡಿನಲ್ಲಿ, ಮನೆಯಲ್ಲಿ ಸಿಗುತ್ತೇವೆ. ಅರ್ಹರಾದ ಹಿರಿಯರಲ್ಲಿ ಶಿಬಿರಕ್ಕೆ ಹೋಗುವವರು ನಾಲ್ವರಲ್ಲಿ ಒಬ್ಬರು. ಉಳಿದವರಿಗೆ ಯಾರೂ ಚೀಟಿ ಬರೆದುಕೊಟ್ಟಿರುವುದಿಲ್ಲ, ಇಲ್ಲವೇ ಕರೆದುಕೊಂಡು ಹೋಗಲು ಕಾರಿರುವುದಿಲ್ಲ. ವಿಸಿಟರ್ ವಿಮೆಯ ಮೇಲೆ ಬಂದಿರುವ ಅಪ್ಪ ಅಮ್ಮನ ಪಾಲಿಸಿಯಲ್ಲಿ ಇದು ಇರುತ್ತದೆಂದು ನಂಬಬೇಡಿ. ಟಿಕೆಟ್ ತೆಗೆಯುವ ಮೊದಲೇ ಓದಿಕೊಳ್ಳಿ.

ಆದ್ದರಿಂದ ಕೇಳುಗರಲ್ಲಿ ನನ್ನ ಕೋರಿಕೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ, ಕಾಗದಕ್ಕೆ ಸಹಿ ಹಾಕುವ ಮುಂಚೆ ಕೇಳಿ. ಆಕ್ಯುಪೇಷನಲ್ ಥೆರಪಿಸ್ಟ್ ಬಂದು ನೋಡಿದ್ದಾರೆಯೇ? ಪುನಶ್ಚೇತನಕ್ಕೆ ಚೀಟಿ ಬರೆದಿದ್ದೀರಾ? ಸ್ನಾನ, ಮೆಟ್ಟಿಲು, ಭಾರ, ಕಾರು, ಕೆಲಸ, ಯಾವುದು ಯಾವ ವಾರದಿಂದ? ಉತ್ತರವನ್ನು ಕನ್ನಡದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಅಮ್ಮನೇ ಓದಿಕೊಳ್ಳುವಷ್ಟು ದೊಡ್ಡ ಅಕ್ಷರದಲ್ಲಿ. ಆ ದಿನ ಕೇಳಲು ಮರೆತಿದ್ದರೆ ನಾಳೆ ಫೋನ್ ಮಾಡಿ ಕೇಳಿ. ಮೆಡಿಕೇರ್ ಇರುವವರಿಗೆ, ಹೃದಯಾಘಾತವಾಗಿ 12 ತಿಂಗಳು ತುಂಬುವವರೆಗೂ ಆ ಚೀಟಿ ನಡೆಯುತ್ತದೆ.